ಸಮುದ್ರದ ರಾಡಾರ್ ಮಳೆ ಓಡಿಸುತ್ತದೆಯೇ? ಅದು ನಿಜಕ್ಕೂ ಅಳೆಯುವುದು ಏನನ್ನು?

ಮಳೆ ಕೈಕೊಟ್ಟಾಗ, ಇಲ್ಲವೇ ಚಂಡಮಾರುತದ ಸುದ್ದಿ ಬಂದಾಗ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡುವುದುಂಟು. ‘ಸಮುದ್ರದ ದಂಡೆಯ ಮೇಲೆ ನೂರಾರು ಕಿಲೋಮೀಟರ್ ದೂರ ಮುಟ್ಟುವ ರಾಡಾರ್ ಇಟ್ಟಿದ್ದಾರೆ, ಅದರ ಹೊಡೆತಕ್ಕೆ ಮೋಡ ಚದುರಿ ಹೋಗುತ್ತಿವೆ’ ಎನ್ನುವುದು ಒಂದು. ‘ಅಮೆರಿಕದ ಹಾರ್ಪ್ ಯಂತ್ರದ ಹಾಗೆ ಇದೂ ಚಂಡಮಾರುತ ಹುಟ್ಟಿಸುತ್ತದೆ’ ಎನ್ನುವುದು ಇನ್ನೊಂದು. ಜೊತೆಗೆ ಬಣ್ಣಬಣ್ಣದ ಬಾಣಗಳು ತುಂಬಿದ ಒಂದು ನಕಾಶೆ ಇದ್ದರೆ ಮುಗಿಯಿತು, ನೋಡಿದವರು ನಂಬಿಬಿಡುತ್ತಾರೆ. ಹೆಸರು ಬಿತ್ತಿ ಮುಗಿಲು ನೋಡುತ್ತ ಕೂತ ನವಲಗುಂದ, ಅಣ್ಣಿಗೇರಿಯ ರೈತರಿಗೆ ಇಂಥ ಮಾತು ಬೇಗ ನಾಟುತ್ತದೆ.

ಸಮುದ್ರ ನೋಡುವ ದೂರಗಾಮಿ ರಾಡಾರ್ ಇರುವುದು ನಿಜ. ನಮ್ಮ ದೇಶದಲ್ಲಿಯೂ ಇದೆ. ಆದರೆ ಅದರ ಕೆಲಸವೇ ಬೇರೆ.

ಚುಟುಕು ಉತ್ತರ

• ಈ ರಾಡಾರ್ ಅಳೆಯುವುದು ಸಮುದ್ರದ ಮೇಲ್ಪದರದ ನೀರು ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಹರಿಯುತ್ತಿದೆ ಎಂಬುದನ್ನು.
• ಇದರಿಂದ ಹೊರಡುವ ರೇಡಿಯೊ ಶಕ್ತಿ ಕೆಲವು ಹತ್ತು ವ್ಯಾಟ್‌ಗಳಷ್ಟು ಮಾತ್ರ. ಹಳೆಯ ಕಾಲದ ಗುಂಡು ಬಲ್ಬಿನ ಲೆಕ್ಕ. ಮೋಡ ಕೂಡಿಸುವುದಾಗಲಿ ಓಡಿಸುವುದಾಗಲಿ ಇದರಿಂದ ಆಗದು.
• ಸಮುದ್ರದಲ್ಲಿ ಕಳೆದುಹೋದ ದೋಣಿ ಹುಡುಕುವವರಿಗೆ, ಸೋರಿದ ಎಣ್ಣೆ ಎತ್ತ ಸಾಗುತ್ತದೆ ಎಂದು ತಿಳಿಯಬೇಕಾದವರಿಗೆ, ಚಂಡಮಾರುತ ಮತ್ತು ಸುನಾಮಿ ಅಧ್ಯಯನ ಮಾಡುವವರಿಗೆ ಈ ಮಾಹಿತಿ ಬೇಕು.

ಮೊದಲು ಪದದ ಗೊಂದಲ ಬಿಡಿಸೋಣ

ಶಾಲೆಯ ಭೂಗೋಳ ಪುಸ್ತಕದಲ್ಲಿ ‘ಸಾಗರ ಪ್ರವಾಹ’ ಎಂದು ಓದಿರುತ್ತೀರಿ. ದಿನಬಳಕೆಯಲ್ಲಿ ಪ್ರವಾಹ ಎಂದರೆ ನೆರೆ. ಹಾಗಾಗಿ ‘ಸಾಗರ ಪ್ರವಾಹದ ವೇಗ ಹೆಚ್ಚಿದೆ’ ಎಂಬ ಸುದ್ದಿ ಯಾರದೋ ಕೈಯಲ್ಲಿ ‘ಸಮುದ್ರ ಉಕ್ಕಿ ಊರಿಗೆ ಬರುತ್ತಿದೆ’ ಎಂದಾಗಿಬಿಡುತ್ತದೆ. ಇಲ್ಲಿ ಹೇಳುತ್ತಿರುವುದು ನೆರೆಯ ಮಾತಲ್ಲ.

ಬೆಣ್ಣಿಹಳ್ಳ ತುಂಬಿ ಹರಿಯುವಾಗ ದಾಟುವ ಮೊದಲು ಹಿರಿಯರು ಒಂದು ಕಡ್ಡಿ ಒಗೆದು ನೋಡುತ್ತಾರೆ. ಕಡ್ಡಿ ಎಷ್ಟು ಬೇಗ, ಎತ್ತ ಹೋಯಿತು ಎಂಬುದರ ಮೇಲೆ ಸೆಳವು ಎಷ್ಟಿದೆ ಎಂದು ಹೇಳುತ್ತಾರೆ. ಸಮುದ್ರದ ನೀರಿಗೂ ಹೀಗೆ ಸೆಳವು ಇದೆ. ಗಾಳಿ, ಭರತ ಇಳಿತ, ನೀರಿನ ಬಿಸಿ ಮತ್ತು ಉಪ್ಪಿನ ವ್ಯತ್ಯಾಸ, ಭೂಮಿಯ ತಿರುಗುವಿಕೆ ಎಲ್ಲ ಸೇರಿ ನೀರನ್ನು ಒಂದು ಕಡೆಗೆ ನಡೆಸುತ್ತವೆ. ನಮ್ಮ ಪಶ್ಚಿಮ ಕರಾವಳಿಯ ಗುಂಟ ಹರಿಯುವ ನೀರು ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ ಸಾಗುತ್ತದೆ. ವರ್ಷಕ್ಕೆ ಎರಡು ಸಲ ದಿಕ್ಕು ಬದಲಿಸುವ ಹೊಳೆ ಇದ್ದಂತೆ.

ಅಲೆ ಬೇರೆ, ಸೆಳವು ಬೇರೆ. ಅಲೆ ಸಾಗಿದಾಗ ನೀರು ಇದ್ದಲ್ಲಿಯೇ ಮೇಲೆ ಕೆಳಗೆ ಆಡುತ್ತದೆ, ಬಹಳ ದೂರ ಹೋಗುವುದಿಲ್ಲ. ಸೆಳವಿನಲ್ಲಿ ನೀರೇ ಊರು ಬಿಟ್ಟು ಹೋಗುತ್ತದೆ. ಕೆಳಗೆ ಬರುವ ವಿವರಣೆಗೆ ಈ ವ್ಯತ್ಯಾಸ ಬೇಕಾಗುತ್ತದೆ.

ಧಾರವಾಡ ಜಿಲ್ಲೆಗೂ ಸಮುದ್ರಕ್ಕೂ ಏನು ಸಂಬಂಧ?

ಸಮುದ್ರ ಕಾಣದ ಜಿಲ್ಲೆ ನಿಜ. ಆದರೆ ಇಲ್ಲಿ ಬಿದ್ದ ನೀರು ಎರಡು ಸಮುದ್ರಗಳ ಕಡೆಗೆ ಹೊರಡುತ್ತದೆ. ಕಲಘಟಗಿ ಕಡೆಯ ನೀರು ಬೇಡ್ತಿ ಹೊಳೆ ಸೇರಿ, ಯಲ್ಲಾಪುರದ ಕಾಡು ದಾಟಿ, ಘಟ್ಟ ಇಳಿದು, ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲಾ ತಾಲ್ಲೂಕಿನಲ್ಲಿ ಅರಬ್ಬಿ ಸಮುದ್ರಕ್ಕೆ ಸೇರುತ್ತದೆ. ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯ ನೀರು ಬಹುಪಾಲು ಬೆಣ್ಣಿಹಳ್ಳಕ್ಕೆ ಬಂದು ಮಲಪ್ರಭೆ ಸೇರುತ್ತದೆ. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಮುಂದೆ ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡ ದಾಟಿ, ದಾರಿಯಲ್ಲಿ ಹೊಲಗಳಿಗೆ ಹೋಗಿ ಉಳಿದದ್ದು ಆಂಧ್ರದಲ್ಲಿ ಬಂಗಾಳ ಕೊಲ್ಲಿ ಮುಟ್ಟುತ್ತದೆ.

ಕೃಷ್ಣೆ ಸಮುದ್ರ ಸೇರುವ ಆ ನಾಡಿನಲ್ಲಿಯೇ ಮಚಲೀಪಟ್ಟಣವಿದೆ. ಅಲ್ಲಿ ಸಮುದ್ರದ ಸೆಳವು ಅಳೆಯುವ ದೂರಗಾಮಿ ರಾಡಾರ್ ಇದೆ. ಬೆಣ್ಣಿಹಳ್ಳದ ನೀರು ಕೊನೆಗೆ ಸೇರುವ ಸಮುದ್ರದ ಮೇಲೆ ಈ ಯಂತ್ರದ ಕಣ್ಣಿದೆ ಎನ್ನಬಹುದು. ಕಲಘಟಗಿಯ ನೀರು ಸೇರುವ ಕಡೆ ಹಾಗಿಲ್ಲ.

ನಮ್ಮ ದೇಶದಲ್ಲಿ ಈ ರಾಡಾರ್ ಎಲ್ಲೆಲ್ಲಿವೆ?

ಚೆನ್ನೈನಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2000ರ ದಶಕದ ಕೊನೆಯ ಹೊತ್ತಿಗೆ ದೇಶದ ಕರಾವಳಿಯಲ್ಲಿ ಇಂಥ ಹತ್ತು ನೆಲೆಗಳನ್ನು, ಎರಡೆರಡರ ಐದು ಜೋಡಿಗಳಾಗಿ, ಕಟ್ಟಲು ಆರಂಭಿಸಿತು. ಒಂದು ಜೋಡಿ ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ, ಒಂದು ತಮಿಳುನಾಡಿನ ಕಲ್ಪಾಕ್ಕಂ ಮತ್ತು ಕಡಲೂರಿನಲ್ಲಿ, ಒಂದು ಆಂಧ್ರ ಕರಾವಳಿಯಲ್ಲಿ, ಒಂದು ಒಡಿಶಾದ ಪುರಿ ಮತ್ತು ಗೋಪಾಲಪುರದಲ್ಲಿ, ಇನ್ನೊಂದು ಅಂಡಮಾನಿನ ಪೋರ್ಟ್ ಬ್ಲೇರ್ ಮತ್ತು ಹಟ್ ಬೇಯಲ್ಲಿ. ಇವುಗಳ ಮಾಹಿತಿ ಚೆನ್ನೈಗೂ, ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರಕ್ಕೂ ಹೋಗುತ್ತದೆ. ಈ ಕೇಂದ್ರವನ್ನು ಎಲ್ಲರೂ ಇನ್‌ಕಾಯ್ಸ್ ಎಂದೇ ಕರೆಯುತ್ತಾರೆ.

ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಆ ಹತ್ತರಲ್ಲಿ ಕರ್ನಾಟಕದ ಕರಾವಳಿಯದು ಒಂದೂ ಇಲ್ಲ. ನವಲಗುಂದದ ಮಳೆ ಓಡಿಸಿತು ಎನ್ನುವ ಯಂತ್ರ ಕಾರವಾರದಿಂದ ಮಂಗಳೂರಿನವರೆಗೆ ಆ ಹತ್ತರ ಪಟ್ಟಿಯಲ್ಲಿಯೇ ಇಲ್ಲ. ಹಡಗುಗಳ ಮೇಲೆ ಕಣ್ಣಿಡುವ ರಾಡಾರ್‌ಗಳು, ಮಳೆ ನೋಡುವ ಹವಾಮಾನ ಇಲಾಖೆಯ ರಾಡಾರ್‌ಗಳು ಬೇರೆ ಜಾತಿಯವು.

ನೋಡಲು ಇದು ಸಿನಿಮಾದಲ್ಲಿ ಕಾಣುವ ದೊಡ್ಡ ತಿರುಗುವ ಬುಟ್ಟಿಯಂತೆ ಇರುವುದಿಲ್ಲ. ಮರಳಿನ ಮೇಲೆ ನೆಟ್ಟ ಧ್ವಜಸ್ತಂಭದಂಥ ಕಂಬಗಳು, ಪಕ್ಕದಲ್ಲಿ ಯಂತ್ರಗಳಿರುವ ಒಂದು ಸಣ್ಣ ಕೋಣೆ. ಅಷ್ಟೇ.

ದಂಡೆಯ ಮೇಲೆ ನಿಂತು ದೂರದ ಸೆಳವು ಅಳೆಯುವುದು ಹೇಗೆ?

ಇದನ್ನು ನಾಲ್ಕು ಹೆಜ್ಜೆಗಳಲ್ಲಿ ನೋಡೋಣ.

1. ರೇಡಿಯೊ ಅಲೆ ಕಳಿಸುವುದು. ರಾಡಾರ್ ಸಮುದ್ರದ ಕಡೆಗೆ ರೇಡಿಯೊ ಅಲೆ ಬಿಡುತ್ತದೆ. ದೂರಗಾಮಿ ರಾಡಾರ್ ಬಳಸುವುದು ಸುಮಾರು 5 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 50 ಲಕ್ಷ ಸಲ ಕಂಪಿಸುವ ಅಲೆ. ಹಿಂದೆ ಶಾರ್ಟ್‌ವೇವ್ ರೇಡಿಯೊ ಕೇಳಿದವರಿಗೆ ಈ ಪಟ್ಟಿ ಪರಿಚಿತ. ಈ ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ 60 ಮೀಟರ್ ಅಂತರ.

2. ತಕ್ಕ ಅಂತರದ ಅಲೆಗಳಿಂದ ಪ್ರತಿಧ್ವನಿ. ಸಮುದ್ರದ ಮೇಲೆ ಚಿಕ್ಕ, ದೊಡ್ಡ, ಅಡ್ಡ, ಉದ್ದ ಎಲ್ಲ ಬಗೆಯ ಅಲೆಗಳಿರುತ್ತವೆ. ಅವುಗಳಲ್ಲಿ ಒಂದು ಬಗೆಯದು ಮಾತ್ರ ಜೋರಾಗಿ ಉತ್ತರ ಕೊಡುತ್ತದೆ: ರೇಡಿಯೊ ಅಲೆಯ ಅರ್ಧದಷ್ಟು, ಅಂದರೆ 30 ಮೀಟರ್ ಅಂತರದಲ್ಲಿ ಸಾಲುಸಾಲಾಗಿ ರಾಡಾರ್ ಕಡೆಗೆ ಬರುವ, ಇಲ್ಲವೇ ರಾಡಾರ್‌ನಿಂದ ದೂರ ಹೋಗುವ ಅಲೆಗಳು. ಕೂರಿಗೆಯಿಂದ ಬಿತ್ತಿದ ಹೊಲದಲ್ಲಿ ಸಾಲುಗಳ ಅಂತರ ಒಂದೇ ಇರುತ್ತದಲ್ಲ, ಹಾಗೆ. ಮೊದಲ ಸಾಲಿಗೆ ಬಡಿದು ಮರಳುವ ರೇಡಿಯೊ ಅಲೆಗೂ, ಎರಡನೆಯ ಸಾಲಿಗೆ ಬಡಿದು ಮರಳುವುದಕ್ಕೂ ಹೋಗಿ ಬರುವ ದಾರಿಯಲ್ಲಿ ಸರಿಯಾಗಿ 60 ಮೀಟರ್ ವ್ಯತ್ಯಾಸ. ಹಾಗಾಗಿ ಎಲ್ಲ ಸಾಲುಗಳ ಉತ್ತರವೂ ಒಂದೇ ತಾಳಕ್ಕೆ ಕೂಡಿ ಬರುತ್ತದೆ. ಜಾತ್ರೆಯಲ್ಲಿ ತೇರಿನ ಹಗ್ಗವನ್ನು ಒಂದೇ ಉಸಿರಿಗೆ ಎಲ್ಲರೂ ಎಳೆದರೆ ತೇರು ಸಾಗುತ್ತದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಎಳೆದರೆ ಅಲುಗುವುದಿಲ್ಲ. ಬೇರೆ ಅಂತರದ ಅಲೆಗಳ ಉತ್ತರ ಹೀಗೆ ತಾಳ ತಪ್ಪಿ ಅಳಿದುಹೋಗುತ್ತದೆ.

3. ವೇಗದ ಲೆಕ್ಕ. ಅಣ್ಣಿಗೇರಿ ನಿಲ್ದಾಣದಲ್ಲಿ ನಿಲ್ಲದೆ ಓಡುವ ರೈಲು ಹಾರ್ನ್ ಹಾಕುತ್ತ ಬಂದರೆ, ಹತ್ತಿರ ಬರುವಾಗ ಸದ್ದು ಚೂಪಾಗಿ, ದಾಟಿ ಹೋದ ಮೇಲೆ ದಪ್ಪಗಾಗಿ ಕೇಳುತ್ತದೆ. ಇದಕ್ಕೆ ಡಾಪ್ಲರ್ ಪರಿಣಾಮ ಎಂದು ಹೆಸರು. ಚಲಿಸುವ ಅಲೆಗೆ ಬಡಿದು ಬಂದ ರೇಡಿಯೊ ಅಲೆಯ ಕಂಪನವೂ ಹೀಗೆ ಸ್ವಲ್ಪ ಬದಲಾಗುತ್ತದೆ. ಬದಲಾವಣೆ ಬಹಳ ಸಣ್ಣದು. ಸೆಕೆಂಡಿಗೆ 50 ಲಕ್ಷ ಕಂಪನಗಳಿರುವಲ್ಲಿ ಸುಮಾರು ಕಾಲು ಕಂಪನದಷ್ಟು ಹೆಚ್ಚುಕಡಿಮೆ.

4. ಕಳೆಯುವ ಲೆಕ್ಕ. ಆಳ ನೀರಿನಲ್ಲಿ 30 ಮೀಟರ್ ಅಂತರದ ಅಲೆ ಎಷ್ಟು ವೇಗದಲ್ಲಿ ಸಾಗಬೇಕು ಎಂಬುದು ಭೌತಶಾಸ್ತ್ರದ ಗಟ್ಟಿ ನಿಯಮ: ಸೆಕೆಂಡಿಗೆ 6.84 ಮೀಟರ್. ಆದರೆ ರಾಡಾರ್ ಅಳೆದಾಗ 7.24 ಮೀಟರ್ ಬಂತು ಎಂದುಕೊಳ್ಳಿ. ಉಳಿದ 0.4 ಮೀಟರ್ ಎಲ್ಲಿಂದ ಬಂತು? ಅಲೆಯನ್ನು ಹೊತ್ತ ನೀರೇ ಸೆಕೆಂಡಿಗೆ 40 ಸೆಂಟಿಮೀಟರ್ ವೇಗದಲ್ಲಿ ರಾಡಾರ್ ಕಡೆಗೆ ಹರಿಯುತ್ತಿದೆ. ಅದೇ ಸೆಳವು. ಅಲೆಯ ವೇಗ ಮೊದಲೇ ಗೊತ್ತಿರುವುದರಿಂದ, ಅದನ್ನು ಕಳೆದರೆ ಉಳಿಯುವುದು ನೀರಿನ ವೇಗ.

ನ್ಯೂಜಿಲೆಂಡಿನ ವಿಜ್ಞಾನಿ ಡಗ್ಲಸ್ ಕ್ರೋಂಬಿ ಸಮುದ್ರದಿಂದ ಮರಳಿದ ರೇಡಿಯೊ ಪ್ರತಿಧ್ವನಿಯಲ್ಲಿ ಈ ಗುಟ್ಟನ್ನು ಗುರುತಿಸಿ 1955ರಲ್ಲಿ ಪ್ರಕಟಿಸಿದರು. 1970ರ ದಶಕದಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯಲ್ಲಿ ಡಾನಲ್ಡ್ ಬ್ಯಾರಿಕ್ ಮತ್ತು ಅವರ ಜೊತೆಗಾರರು ಅದನ್ನು ದಂಡೆಯ ಮೇಲೆ ಇಡಬಹುದಾದ ಉಪಕರಣವಾಗಿ ಬೆಳೆಸಿದರು.

ಪ್ರತಿಧ್ವನಿ ಎಷ್ಟು ದೂರದಿಂದ ಬಂತು ಎಂಬುದು ಅದು ಮರಳಲು ಹಿಡಿದ ಸಮಯದಿಂದ ತಿಳಿಯುತ್ತದೆ. 150 ಕಿಲೋಮೀಟರ್ ದೂರ ಹೋಗಿ ಮರಳಲು ರೇಡಿಯೊ ಅಲೆಗೆ ಸಾಕಾಗುವುದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು. ಆದರೆ ಅಷ್ಟು ಸಣ್ಣ ಡಾಪ್ಲರ್ ವ್ಯತ್ಯಾಸ ಹಿಡಿಯಲು ಯಂತ್ರ ಬಹಳ ಹೊತ್ತು ಕಿವಿಗೊಟ್ಟು ಕೇಳಬೇಕು. ಸುಮಾರು 17 ನಿಮಿಷ ಕೇಳಿದರೆ ಸೆಕೆಂಡಿಗೆ 3 ಸೆಂಟಿಮೀಟರ್ ವೇಗದ ವ್ಯತ್ಯಾಸ ಗುರುತಿಸಬಹುದು. ಹಾಗಾಗಿಯೇ ನಕಾಶೆಗಳು ಸಾಮಾನ್ಯವಾಗಿ ಗಂಟೆಗೊಂದು ಬರುತ್ತವೆ. ನಿಮಿಷ ನಿಮಿಷದ ನೇರ ಪ್ರಸಾರ ಇದರಲ್ಲಿ ಇಲ್ಲ.

ಎರಡು ರಾಡಾರ್ ಏಕೆ ಬೇಕು?

ಒಂದು ರಾಡಾರ್‌ಗೆ ಗೊತ್ತಾಗುವುದು ನೀರು ತನ್ನ ಕಡೆಗೆ ಬರುತ್ತಿದೆಯೋ, ತನ್ನಿಂದ ದೂರ ಹೋಗುತ್ತಿದೆಯೋ ಎಂಬುದು ಮಾತ್ರ. ಎದುರಿನಲ್ಲಿ ಎಡದಿಂದ ಬಲಕ್ಕೆ ಅಡ್ಡ ಹಾಯುವ ನೀರು ಅದಕ್ಕೆ ನಿಂತ ನೀರಿನಂತೆ ಕಾಣುತ್ತದೆ. ಅದೇ ನೀರನ್ನು ದಂಡೆಯ ಇನ್ನೊಂದು ಊರಿನಿಂದ ಎರಡನೆಯ ರಾಡಾರ್ ನೋಡಿದರೆ ಅದರ ಕೋನ ಬೇರೆ. ಎರಡೂ ಲೆಕ್ಕ ಕೂಡಿಸಿದಾಗ ನಿಜವಾದ ದಿಕ್ಕು, ನಿಜವಾದ ವೇಗ ಸಿಗುತ್ತವೆ. ಪುರಿಗೆ ಗೋಪಾಲಪುರ, ಕಲ್ಪಾಕ್ಕಂಗೆ ಕಡಲೂರು ಜೋಡಿಯಾಗಿರುವುದು ಇದಕ್ಕಾಗಿ.

ಇಷ್ಟು ದೂರ ಕಾಣಲು ಉಪ್ಪೇ ಕಾರಣ

ಭೂಮಿ ಗುಂಡಗಿದೆ. ಮಾಮೂಲಿ ರಾಡಾರ್‌ನ ಅಲೆ ನೇರ ಹೋಗಿ ದಿಗಂತದ ಆಚೆ ಮುಗಿಲಿಗೆ ಹೊರಟುಬಿಡುತ್ತದೆ. ಆದರೆ ಉಪ್ಪು ನೀರು ವಿದ್ಯುತ್ತಿಗೆ ಒಳ್ಳೆಯ ವಾಹಕ. 5 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೊ ಅಲೆ ಉಪ್ಪು ನೀರಿನ ಮೈಗೆ ಅಂಟಿಕೊಂಡು, ಭೂಮಿಯ ಬಾಗಿನ ಜೊತೆ ಬಾಗುತ್ತ 200 ಕಿಲೋಮೀಟರ್‌ವರೆಗೂ ಹೋಗಬಲ್ಲದು. ಸಿಹಿ ನೀರಿನ ಮೇಲೆ, ಒಣ ನೆಲದ ಮೇಲೆ ಅದರ ಬಲ ಬೇಗ ಕುಂದುತ್ತದೆ. ಇದೇ ಯಂತ್ರವನ್ನು ಮಲಪ್ರಭೆಯ ನವಿಲುತೀರ್ಥ ಜಲಾಶಯದ ದಂಡೆಗೆ ತಂದು ಇಟ್ಟರೆ ಅಷ್ಟು ದೂರ ಕಾಣದು. ಸಮುದ್ರದಿಂದ ಘಟ್ಟ ಹತ್ತಿ ಧಾರವಾಡದ ಎರೆ ಹೊಲಗಳವರೆಗೆ ಬಂದು ಕೆಲಸ ಮಾಡುವ ಯಂತ್ರ ಇದಲ್ಲ.

ಈ ಮಾಹಿತಿ ಯಾರ ಜೀವಕ್ಕೆ ಬೇಕು?

ಸೆಕೆಂಡಿಗೆ 40 ಸೆಂಟಿಮೀಟರ್ ಎಂದರೆ ಆಮೆಯ ನಡಿಗೆ ಎನಿಸಬಹುದು. ಲೆಕ್ಕ ಹಾಕಿ: ಗಂಟೆಗೆ ಸುಮಾರು ಒಂದೂವರೆ ಕಿಲೋಮೀಟರ್, ಒಂದು ಹಗಲು ಒಂದು ರಾತ್ರಿಗೆ 34 ಕಿಲೋಮೀಟರ್. ದೋಣಿ ಮುಳುಗಿ ನೀರಿನಲ್ಲಿ ತೇಲುತ್ತಿರುವ ಮನುಷ್ಯ ಮರುದಿನದ ಹೊತ್ತಿಗೆ ಇದ್ದ ಜಾಗದಿಂದ ಅಷ್ಟು ದೂರ ಹೋಗಿರುತ್ತಾನೆ. ಯಾವ ದಿಕ್ಕಿಗೆ ಎಂದು ಗೊತ್ತಿಲ್ಲದಿದ್ದರೆ ಎಲ್ಲ ದಿಕ್ಕಿಗೂ ಹುಡುಕಬೇಕು. ಗೊತ್ತಿದ್ದರೆ ಹುಡುಕುವ ಜಾಗ ಕಿರಿದಾಗುತ್ತದೆ, ಬದುಕಿ ಸಿಗುವ ಆಸೆ ಹೆಚ್ಚುತ್ತದೆ.

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಮೀನುಗಾರಿಕೆಗೆ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅವರಲ್ಲಿ ಉಡುಪಿ ಜಿಲ್ಲೆಯವರೂ ಉತ್ತರ ಕನ್ನಡದವರೂ ಇದ್ದರು. ತಿಂಗಳುಗಟ್ಟಲೆ ಹುಡುಕಾಟ ನಡೆದು, 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರದ ತಳದಲ್ಲಿ ದೋಣಿಯ ಅವಶೇಷ ನೌಕಾಪಡೆಗೆ ಸಿಕ್ಕಿತು. ಮುಳುಗಿದ ದೋಣಿಯನ್ನು ಸೆಳವಿನ ರಾಡಾರ್ ತೋರಿಸಲಾರದು. ಆದರೆ ಸಮುದ್ರದಲ್ಲಿ ಹುಡುಕುವುದು ಎಷ್ಟು ಕಷ್ಟ ಎಂಬುದಕ್ಕೆ ಈ ಘಟನೆ ಸಾಕ್ಷಿ. ಕಾಣೆಯಾದವರು ಎತ್ತ ತೇಲಿ ಹೋಗಿರಬಹುದು ಎಂದು ಲೆಕ್ಕ ಹಾಕಿ ರಕ್ಷಣಾ ಪಡೆಗೆ ತಿಳಿಸುವ ‘ಸರತ್’ ಎಂಬ ಸೇವೆಯನ್ನು ಇನ್‌ಕಾಯ್ಸ್ ನಡೆಸುತ್ತದೆ. ಗಾಳಿ ಎಷ್ಟಿದೆ, ಸೆಳವು ಎತ್ತ ಇದೆ ಎಂಬ ಮಾಹಿತಿ ಸರಿಯಾಗಿದ್ದಷ್ಟೂ ಇಂಥ ಲೆಕ್ಕ ಸರಿಯಾಗುತ್ತದೆ.

ಹಡಗಿನಿಂದ ಎಣ್ಣೆ ಸೋರಿದರೆ ಅದು ಯಾವ ದಂಡೆ ಮುಟ್ಟುತ್ತದೆ ಎಂದು ಮೊದಲೇ ಹೇಳಲು ಇದೇ ಮಾಹಿತಿ ಬೇಕು. 2011ರ ಮಾರ್ಚ್‌ನಲ್ಲಿ ಜಪಾನಿನ ಸುನಾಮಿ ಬಂದಾಗ ಜಪಾನ್ ಮತ್ತು ಕ್ಯಾಲಿಫೋರ್ನಿಯಾ ಕರಾವಳಿಯ ಇಂಥ ರಾಡಾರ್‌ಗಳ ದಾಖಲೆಯಲ್ಲಿ ಸುನಾಮಿಯ ಗುರುತು ಸಿಕ್ಕಿತು. 2013ರ ಅಕ್ಟೋಬರ್ 12ರಂದು ಫೈಲಿನ್ ಚಂಡಮಾರುತ ಒಡಿಶಾದಲ್ಲಿ ದಂಡೆ ಮುಟ್ಟಿದ್ದು ಗೋಪಾಲಪುರದ ಬಳಿಯೇ. ರಾಡಾರ್ ನೆಲೆಗಳು ಅಲ್ಲಿರುವುದು ಏಕೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಚಂಡಮಾರುತ ಬರುವ ಜಾಗ ಎಂದು ಅಲ್ಲಿ ರಾಡಾರ್ ಇದೆ. ರಾಡಾರ್ ಇದೆ ಎಂದು ಚಂಡಮಾರುತ ಬರುವುದಿಲ್ಲ. ಆಸ್ಪತ್ರೆಯಲ್ಲಿ ರೋಗಿಗಳು ಹೆಚ್ಚಿದ್ದಾರೆಂದು ಆಸ್ಪತ್ರೆಯೇ ರೋಗ ಹರಡುತ್ತದೆ ಎಂದರೆ ಹೇಗೋ ಹಾಗೆ.

ಹಾಗಾದರೆ ಮೋಡ ಚದುರಿಸುವ ಮಾತು?

ಲೆಕ್ಕವೇ ಉತ್ತರ ಹೇಳಲಿ. ಒಂದು ಚದರ ಕಿಲೋಮೀಟರ್, ಅಂದರೆ ಸುಮಾರು 247 ಎಕರೆ ಹೊಲದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿತ್ತು ಎನ್ನಿ. ಅದು ಒಂದು ಕೋಟಿ ಲೀಟರ್ ನೀರು. ಇಷ್ಟು ನೀರು ಆವಿಯಿಂದ ಹನಿಯಾಗುವಾಗ ಹೊರಬರುವ ಶಾಖ ಸುಮಾರು 70 ಲಕ್ಷ ಯೂನಿಟ್ ವಿದ್ಯುತ್ತಿಗೆ ಸಮ. ಆ ಹನಿಗಳನ್ನು ಮತ್ತೆ ಆವಿ ಮಾಡಿ ಓಡಿಸಬೇಕೆಂದರೆ ಅಷ್ಟೇ ಶಕ್ತಿ ಹಾಕಬೇಕು. 50 ವ್ಯಾಟ್ ಬಿಡುವ ರಾಡಾರ್ ಹಗಲೂ ರಾತ್ರಿ ಓಡಿದರೂ ದಿನಕ್ಕೆ ಹೊರಡುವುದು 1.2 ಯೂನಿಟ್. ಒಂದು ಸಣ್ಣ ಮಳೆಯ ಲೆಕ್ಕ ತೀರಿಸಲು ಅದಕ್ಕೆ ಸುಮಾರು 16 ಸಾವಿರ ವರ್ಷ ಬೇಕು. ಅದೂ ಬಿಟ್ಟ ಶಕ್ತಿಯೆಲ್ಲ ಮೋಡಕ್ಕೇ ಹೋಗಿ ಸೇರಿದರೆ. ನಿಜದಲ್ಲಿ 60 ಮೀಟರ್ ಅಂತರದ ರೇಡಿಯೊ ಅಲೆ ಮಿಲಿಮೀಟರ್ ಗಾತ್ರದ ಹನಿಗಳನ್ನು ಲೆಕ್ಕಿಸದೆ ದಾಟಿ ಹೋಗುತ್ತದೆ.

ಇನ್ನೂ ಹತ್ತಿರದ ಉದಾಹರಣೆ ಬೇಕೆ? ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಪ್ರಸಾರಕದ ಸಾಮರ್ಥ್ಯ 200 ಕಿಲೋವ್ಯಾಟ್. ಸಮುದ್ರದ ಈ ರಾಡಾರ್‌ಗಿಂತ ಸಾವಿರಾರು ಪಟ್ಟು ಹೆಚ್ಚು. ರೇಡಿಯೊ ಅಲೆಯಿಂದ ಮೋಡ ಓಡುವುದಾಗಿದ್ದರೆ ದಶಕಗಳಿಂದ ವಾರ್ತೆ, ಕೃಷಿರಂಗ ಕೇಳುತ್ತ ಬಂದ ಜಿಲ್ಲೆಯಲ್ಲಿ ಒಂದು ಹನಿಯೂ ಬೀಳಬಾರದಿತ್ತು. ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿ ಹೊಲ ಕೊಚ್ಚಿದ ವರ್ಷಗಳಲ್ಲಿಯೂ ಆ ಪ್ರಸಾರ ನಡೆಯುತ್ತಲೇ ಇತ್ತು.

ಮೋಡ ಬಿತ್ತನೆಯ ಜೊತೆಗೂ ಇದನ್ನು ಬೆರೆಸಬೇಡಿ. ರಾಜ್ಯ ಸರ್ಕಾರ 2017ರಲ್ಲಿ ‘ವರ್ಷಧಾರೆ’ ಹೆಸರಿನಲ್ಲಿ ಮಾಡಿಸಿದ್ದು ವಿಮಾನದಿಂದ ಮೋಡದೊಳಗೆ ರಾಸಾಯನಿಕ ಸಿಂಪಡಿಸುವ ಕೆಲಸ. ಅಲ್ಲಿ ರಾಡಾರ್ ಬಳಸುವುದು ಮೋಡ ಎಲ್ಲಿದೆ ಎಂದು ನೋಡಲು. ನೋಡುವುದು ಬೇರೆ, ಮಾಡುವುದು ಬೇರೆ.

ಹಾರ್ಪ್ ಎಂದರೆ ಇದೇನಾ?

ಹಾರ್ಪ್ ಇರುವುದು ಅಮೆರಿಕದ ಅಲಾಸ್ಕಾದಲ್ಲಿ. 2015ರಿಂದ ಅದನ್ನು ನಡೆಸುತ್ತಿರುವುದು ಅಲಾಸ್ಕಾ ವಿಶ್ವವಿದ್ಯಾಲಯ. ಅದು ಬಳಸುವುದು 2.7ರಿಂದ 10 ಮೆಗಾಹರ್ಟ್ಸ್, ಅಂದರೆ ಸಮುದ್ರದ ರಾಡಾರ್ ಇರುವ ಪಟ್ಟಿಯೇ. ಗೊಂದಲಕ್ಕೆ ಇದೂ ಒಂದು ಕಾರಣ. ಆದರೆ ಹಾರ್ಪ್‌ನ ಸಾಮರ್ಥ್ಯ 3,600 ಕಿಲೋವ್ಯಾಟ್. ಅದರ ಕಂಬಗಳು ಶಕ್ತಿಯನ್ನು ಮೇಲಕ್ಕೆ, 80 ಕಿಲೋಮೀಟರ್‌ಗಿಂತ ಎತ್ತರದ ಅಯಾನುಗೋಳಕ್ಕೆ ಕಳಿಸುತ್ತವೆ. ಮಳೆ ಮೋಡಗಳು ಇರುವುದು ಅದರ ಎಷ್ಟೋ ಕೆಳಗೆ. ಮೇಲಿನ ಲೆಕ್ಕವನ್ನೇ ಹಿಡಿದರೆ, ಪೂರ್ಣ ಬಲದಲ್ಲಿ ಬಿಡುವಿಲ್ಲದೆ ಓಡಿದರೂ ಆ 247 ಎಕರೆಯ ಒಂದು ಸೆಂಟಿಮೀಟರ್ ಮಳೆಗೆ ಹಾರ್ಪ್‌ಗೆ 80 ದಿನ ಬೇಕು. ಚಂಡಮಾರುತವಂತೂ ನೂರಾರು ಕಿಲೋಮೀಟರ್ ಹರಡಿದ ಮಳೆ.

ಆರೋಗ್ಯಕ್ಕೆ, ಮೀನಿಗೆ ಹಾನಿ ಉಂಟೇ?

ಈ ರೇಡಿಯೊ ಅಲೆಗಳು ಎಕ್ಸ್‌-ರೇ ಜಾತಿಯವಲ್ಲ. ಜೀವಕೋಶದೊಳಗಿನ ಅಣುಗಳನ್ನು ಒಡೆಯುವ ಶಕ್ತಿ ಅವಕ್ಕೆ ಇಲ್ಲ. ಪ್ರಸಾರದ ಕಂಬವನ್ನು ಮುಟ್ಟಬಾರದು, ಬೇಲಿ ದಾಟಬಾರದು. ಅದು ಕರೆಂಟಿನ ಯಾವ ಉಪಕರಣಕ್ಕೂ ಇರುವ ಎಚ್ಚರಿಕೆ. ಇನ್ನು ಮೀನು: 5 ಮೆಗಾಹರ್ಟ್ಸ್ ಅಲೆ ಉಪ್ಪು ನೀರಿನೊಳಗೆ 11 ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಮೂರನೇ ಒಂದಕ್ಕೆ ಕುಗ್ಗುತ್ತದೆ. ಗೇಣು ಆಳವೂ ಇಲ್ಲ. ಮೀನುಗಳನ್ನು ಓಡಿಸುವ ಮಾತು ಇಲ್ಲಿಗೇ ಮುಗಿಯಿತು.

ಅಷ್ಟು ಮೇಲೆಯೇ ನಿಂತರೂ ರಾಡಾರ್ ಸುಮಾರು ಎರಡೂವರೆ ಮೀಟರ್ ಆಳದವರೆಗಿನ ನೀರಿನ ಸರಾಸರಿ ಸೆಳವು ಹೇಳುತ್ತದೆ. ಏಕೆಂದರೆ 30 ಮೀಟರ್ ಅಂತರದ ಅಲೆಯ ಮೇಲೆ ಅಷ್ಟು ಆಳದ ನೀರಿನ ಚಲನೆ ಪರಿಣಾಮ ಬೀರುತ್ತದೆ. ಅದಕ್ಕಿಂತ ಕೆಳಗೆ ಏನಾಗುತ್ತಿದೆ ಎಂಬುದು ಈ ಯಂತ್ರದ ವ್ಯಾಪ್ತಿಗೆ ಬರುವುದಿಲ್ಲ.

ಈ ರಾಡಾರ್ ಏನು ಮಾಡಲಾರದು?

ನೀರಿನಡಿ ಇರುವುದನ್ನು ಕಾಣಲಾರದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿಯೊಂದು ಗಂಗಾವಳಿ ಹೊಳೆ ಸೇರಿತು. ಕಲಘಟಗಿಯಿಂದ ಇಳಿದುಹೋಗುವ ಬೇಡ್ತಿಯೇ ಅಲ್ಲಿ ಗಂಗಾವಳಿ. ‘ರಾಡಾರ್ ತಂದರೂ ಲಾರಿ ಏಕೆ ಸಿಗಲಿಲ್ಲ’ ಎಂದು ಕೇಳಿದವರಿಗೆ ಉತ್ತರ ಇದೇ: ರೇಡಿಯೊ ಅಲೆ ನೀರಿನಲ್ಲಿ ಬೇಗ ಸಾಯುತ್ತದೆ. ನೀರಿನೊಳಗೆ ಹುಡುಕಲು ಧ್ವನಿ ಕಳಿಸುವ ಸೋನಾರ್ ಬೇಕು. ಅಲ್ಲಿ ಅದನ್ನೂ ಬಳಸಿದರು. ಹೊಳೆಯ ಸೆಳವಿನಿಂದ ಕೆಲಸ ಹಲವು ಸಲ ನಿಂತು, ಕೊನೆಗೆ ಡ್ರೆಜ್ಜರ್ ತರಿಸಿದ ಮೇಲೆ ಸೆಪ್ಟೆಂಬರ್ 25ರಂದು ಲಾರಿ ಸಿಕ್ಕಿತು.

ದಂಡೆಯ ಅಂಚಿನ ಅಪಾಯ ತೋರಿಸಲಾರದು. ದೂರಗಾಮಿ ರಾಡಾರ್ ಸಮುದ್ರವನ್ನು ನೋಡುವುದು ಸುಮಾರು 6 ಕಿಲೋಮೀಟರ್ ಅಳತೆಯ ತುಂಡುಗಳಾಗಿ. ಜನ ಮುಳುಗುವುದು ದಂಡೆಯಿಂದ ಒಳಕ್ಕೆ ಎಳೆಯುವ, ಕೆಲವೇ ಹತ್ತು ಮೀಟರ್ ಅಗಲದ ಸೆಳವಿನಲ್ಲಿ. ನಕಾಶೆಯಲ್ಲಿ ಬಾಣ ಚಿಕ್ಕದಿದೆ ಎಂದು ಗೋಕರ್ಣ, ಮುರುಡೇಶ್ವರದಲ್ಲಿ ನೀರಿಗಿಳಿಯುವುದು ಅಪಾಯ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಸಮುದ್ರದ ಪಾಲಾದರು. ಅಲ್ಲಿ ನಂಬಬೇಕಾದದ್ದು ಕೆಂಪು ಬಾವುಟ ಮತ್ತು ಜೀವರಕ್ಷಕರ ಸೀಟಿ. ಅಕಸ್ಮಾತ್ ಸೆಳವಿಗೆ ಸಿಕ್ಕರೆ ನೇರ ದಂಡೆಯ ಕಡೆಗೆ ಈಜಲು ಹೋಗಿ ದಣಿಯಬೇಡಿ. ತೇಲಿಕೊಂಡಿರಿ, ಕೈ ಎತ್ತಿ ಕೂಗಿ, ಈಜು ಬಂದರೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಬನ್ನಿ.

ನಾಳೆ ಮಳೆ ಬರುತ್ತದೆಯೇ ಎಂದು ಹೇಳಲಾರದು. ಅದನ್ನು ಹೇಳುವುದು ಹವಾಮಾನ ಇಲಾಖೆ. ಅದರ ರಾಡಾರ್‌ಗಳು ಬಹಳ ಕಿರಿದಾದ, ಸೆಂಟಿಮೀಟರ್ ಲೆಕ್ಕದ ಅಲೆಗಳಿಂದ ಮಳೆ ಹನಿಗಳನ್ನು ನೋಡುತ್ತವೆ.

ಬಾಣದ ನಕಾಶೆ ಬಂದಾಗ ಹೀಗೆ ಓದಿ

• ಬಾಣ ಗಾಳಿಯದೋ ನೀರಿನದೋ ನೋಡಿ. ನೀರಿನ ವೇಗವನ್ನು ಸಾಮಾನ್ಯವಾಗಿ ಸೆಂಟಿಮೀಟರ್ ಇಲ್ಲವೇ ಮೀಟರ್ ಪ್ರತಿ ಸೆಕೆಂಡ್ ಲೆಕ್ಕದಲ್ಲಿ ಕೊಡುತ್ತಾರೆ. ನೀರಿನ ನಕಾಶೆಗೆ ‘ಬಿರುಗಾಳಿ ಬರುತ್ತಿದೆ’ ಎಂಬ ತಲೆಬರಹ ಇದ್ದರೆ ಅದು ತಪ್ಪು.
• ಕೆಂಪು ಬಣ್ಣ ಎಂದರೆ ಅಪಾಯ ಎಂದೇನಲ್ಲ. ಪಕ್ಕದ ಬಣ್ಣದ ಪಟ್ಟಿಯಲ್ಲಿ ಅದು ಯಾವ ವೇಗ ಎಂದು ಬರೆದಿರುತ್ತದೆ.
• ದಿನಾಂಕ, ವೇಳೆ ನೋಡಿ. ವಿಜ್ಞಾನದ ನಕಾಶೆಗಳು ಬಹಳ ಸಲ ಅಂತರರಾಷ್ಟ್ರೀಯ ವೇಳೆಯಲ್ಲಿರುತ್ತವೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ವೇಳೆ. ದಿನಾಂಕವೇ ಇಲ್ಲದ ಚಿತ್ರ ಎಷ್ಟು ಹಳೆಯದು ಎಂದು ತಿಳಿಯಲು ದಾರಿಯಿಲ್ಲ, ಹಾಗಾಗಿ ಮುಂದೆ ಕಳಿಸಬೇಡಿ.
• ಯಾವ ಸಮುದ್ರ, ಯಾವ ದಂಡೆ ನೋಡಿ. ಒಡಿಶಾದ ನಕಾಶೆಯಿಂದ ಹೊನ್ನಾವರದ ದೋಣಿಗೆ ಎಚ್ಚರಿಕೆ ಕೊಡಲಾಗದು.
• ಸಮುದ್ರದ ಎಚ್ಚರಿಕೆಗೆ ಇನ್‌ಕಾಯ್ಸ್, ಮಳೆ ಚಂಡಮಾರುತಕ್ಕೆ ಭಾರತೀಯ ಹವಾಮಾನ ಇಲಾಖೆ. ಈ ಎರಡರ ಅಧಿಕೃತ ಪ್ರಕಟಣೆ ನೋಡಿ.

ತಪ್ಪು ಸಂದೇಶದ ನಷ್ಟ ನಂಬಿದವರಿಗಷ್ಟೇ ಅಲ್ಲ. ‘ಚಂಡಮಾರುತ ಅವರೇ ಹುಟ್ಟಿಸಿದ್ದು’ ಎಂದು ನಂಬಿದ ಮೀನುಗಾರ ‘ದಡಕ್ಕೆ ಬನ್ನಿ’ ಎಂಬ ಎಚ್ಚರಿಕೆಯನ್ನೂ ನಂಬುವುದಿಲ್ಲ. ‘ಮೋಡ ಓಡಿಸಿದ್ದಾರೆ’ ಎಂದು ನಂಬಿದ ರೈತ, ಎರಡು ದಿನದಲ್ಲಿ ಮಳೆ ಬರಲಿದೆ ಎಂಬ ಮುನ್ಸೂಚನೆ ಬಂದರೂ ಕಿತ್ತ ಹೆಸರನ್ನು ಕಣದಲ್ಲಿ ಹಾಗೇ ಬಿಡುತ್ತಾನೆ. ಹೀಗೆ ತೋಯ್ದ ಕಾಳಿಗೆ ಪೇಟೆಯಲ್ಲಿ ಬೆಲೆ ಸಿಗುವುದಿಲ್ಲ.

ನಿಮ್ಮ ಗುಂಪಿನಲ್ಲಿ ಈ ಮಾತು ಬಂದರೆ ಇಷ್ಟು ಉತ್ತರಿಸಿದರೆ ಸಾಕು: ಆ ಕಂಬ ಸಮುದ್ರದ ನೀರು ಎತ್ತ ಹರಿಯುತ್ತಿದೆ ಎಂದು ಅಲೆಗಳ ಪ್ರತಿಧ್ವನಿಯಿಂದ ಕೇಳಿಸಿಕೊಳ್ಳುತ್ತದೆ. ಬಲ್ಬಿನಷ್ಟು ಶಕ್ತಿಯ ಆ ಯಂತ್ರಕ್ಕೆ ಮೋಡ ಅಲುಗಿಸುವ ತಾಕತ್ತಿಲ್ಲ.